‘ಡರ್ಟಿ’ ಫಾರ್ಮಿಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ವೆಬ್ ತಂತ್ರಾಂಶ ಕಟ್ಟಲು ಬಳಸುವ ಆಂಗ್ಯುಲರ್ ಎಂಬ ಚೌಕಟ್ಟನ್ನು ಕಲಿಯುವವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಒದ್ದಾಟ.

ಫಾರ್ಮಿನ ಖಾನೆಯ ಸ್ಥಿತಿ ತಿಳಿಸಲು ಆಂಗ್ಯುಲರ್‌ನಲ್ಲಿರುವ ಹೆಸರುಗಳಲ್ಲಿ ಮೂರು ಇವು. ಬಳಸುವವರು ಏನೂ ಬದಲಿಸದಿದ್ದರೆ ‘ಪ್ರಿಸ್ಟೀನ್’. ಬದಲಿಸಿದರೆ ‘ಡರ್ಟಿ’. ಸುಮ್ನೆ ಖಾನೆಯೊಳಗೆ ಹೋಗಿ ಹೊರಗೆ ಬಂದರೂ ಸಾಕು, ‘ಟಚ್ಡ್’. ಮುಚ್ಚುವಾಗ ‘ಉಳಿಸಬೇಕೇ?’ ಅಂತ ಕೇಳಬೇಕೋ ಬೇಡವೋ ಅನ್ನುವುದನ್ನು ಸಾಮಾನ್ಯವಾಗಿ ಡರ್ಟಿ ನೋಡಿ ತೀರ್ಮಾನಿಸುತ್ತೇವೆ.

ಮೂರನ್ನೂ ಕನ್ನಡಕ್ಕೆ ತರಲು ಕೂತಾಗ ತಟ್ಟನೆ ಬಾಯಿಗೆ ಬಂದದ್ದು ಮಡಿ, ಮೈಲಿಗೆ, ಮುಟ್ಟಿಸಿಕೊಂಡದ್ದು! ಹೋಲಿಕೆಯೂ ಕೂಡಿಬರುತ್ತದೆ. ಒಂದಕ್ಷರ ಒತ್ತಿ, ಅದನ್ನೇ ಅಳಿಸಿ ಮೊದಲಿನಂತೆ ಮಾಡಿದರೂ ಡರ್ಟಿ ಗುರುತು ತಾನಾಗಿ ಹೋಗುವುದಿಲ್ಲ. ಮೈಲಿಗೆ ಮೈಲಿಗೆಯೇ. ಕೋಡ್ ಬರೆದು ನಾವೇ ತೊಳೆಯಬೇಕು. ಆದರೆ ಈ ಪದಗಳು ಎಷ್ಟು ಜನರನ್ನು ಹೊಸ್ತಿಲ ಆಚೆ ನಿಲ್ಲಿಸಿವೆ ಅಂತ ನೆನೆದರೆ, ತಮಾಷೆಗೂ ಪಾಠದಲ್ಲಿ ಹಾಕಲು ಮನಸ್ಸು ಬರುವುದಿಲ್ಲ.

‘ಕೊಳೆ’ ಅಂದರೆ ಏನೋ ಕೆಟ್ಟಿತು ಅನ್ನಿಸುತ್ತದೆ. ‘ತಿದ್ದಿದ’ ಅಂದರೆ ತಪ್ಪು ಸರಿಮಾಡಿದ ಹಾಗೆ. ‘ಬದಲಾದ’ ಹತ್ತಿರ ಬರುತ್ತದೆ, ಆದರೆ ಅಲ್ಲೂ ತೊಡಕು. ಕೆಲವು ತಂತ್ರಾಂಶಗಳು ವಿಂಡೋ ತೆರೆದಾಗ ಇದ್ದದ್ದನ್ನು ಎತ್ತಿಟ್ಟುಕೊಂಡು, ಮುಚ್ಚುವಾಗ ಈಗಿರುವುದರ ಜೊತೆ ಹೋಲಿಸುತ್ತವೆ. ಬರೆದು ಅಳಿಸಿದ್ದರೆ ಅಲ್ಲಿ ಏನೂ ಬದಲಾಗಿಲ್ಲ, ಪ್ರಶ್ನೆಯೂ ಏಳುವುದಿಲ್ಲ. ಆ ಸ್ಥಿತಿಗೆ ‘ಬದಲಾದ’ ಸರಿಯಾಗಿ ಹೊಂದುತ್ತದೆ. ಆಂಗ್ಯುಲರ್‌ನ ಡರ್ಟಿಗೆ ಅದನ್ನೇ ಕೊಟ್ಟರೆ ಕಲಿಯುವವರು ಎಡವುತ್ತಾರೆ.

ಸದ್ಯಕ್ಕೆ ‘ಕೈಯಾಡಿಸಿದ’ ಅಂತ ಬರೆದಿದ್ದೇನೆ. ಕೈಯಾಡಿಸಿದ್ದು ನಿಜ, ಕೊನೆಗೆ ಬದಲಾಯಿತೋ ಇಲ್ಲವೋ ಬೇರೆ ಮಾತು. ಟಚ್ಡ್‌ಗೆ ‘ಹೊಕ್ಕುಬಂದ’. ಪ್ರಿಸ್ಟೀನ್‌ಗೆ ‘ಇದ್ದಂತಿರುವ’. ಮೂರನೆಯದು ನನಗೇ ಅಷ್ಟು ಹಿಡಿಸಿಲ್ಲ. ಇನ್ನೂ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ? ಬಟ್ಟೆ ಅಂಗಡಿಯವರು ಮಡಿಕೆ ಬಿಚ್ಚದ ಸೀರೆಗೆ ಏನಾದರೂ ಹೆಸರಿಟ್ಟಿರುತ್ತಾರಾ?

ಇದರ ಜೊತೆಗೇ ಇನ್ನೊಂದು. ‘ಉಳಿಸದ ಬದಲಾವಣೆಗಳಿವೆ. ಮುಚ್ಚಬೇಕೇ?’ ಅಂತ ಕೇಳಿ, ಕೆಳಗೆ ‘ರದ್ದು’ ಅಂತ ಗುಂಡಿ ಇಟ್ಟರೆ ರದ್ದಾಗುವುದು ಯಾವುದು? ಮುಚ್ಚುವ ಕೆಲಸವೋ, ಬದಲಾವಣೆಗಳೋ? ನಮ್ಮಕ್ಕ ಎರಡನೆಯದು ಅಂತಲೇ ಓದಿಕೊಂಡು, ಗುಂಡಿ ಒತ್ತಲು ಹೆದರಿ ಕೂತಿದ್ದಳು. ‘ಮುಚ್ಚುವುದು ಬೇಡ’ ಅಂತ ಬಿಡಿಸಿ ಬರೆದರೆ ಗುಂಡಿ ಸ್ವಲ್ಪ ಅಗಲವಾಗುತ್ತದೆ, ಅಷ್ಟೇ ಅಲ್ವಾ?