ಬರೆಯಲು ಕುಳಿತರೆ ಆಯಿಯ ಮಾತು ಪುಸ್ತಕದ ಮಾತಾಗಿಬಿಡುತ್ತದೆ

ಪ್ರಶ್ನೆ: ಶಿಕ್ಷಕಿ, ಸೇಡಂ ತಾಲ್ಲೂಕು

ಎಲ್ಲರಿಗೂ ಶರಣು. ನಮ್ಮ ತಂದೆಯ ತಾಯಿ, ಅಂದರೆ ನಮ್ಮ ಆಯಿ, ಎಳ್ಳಮಾವಾಸ್ಯೆಯಂದು ತೊಗರಿ ಹೊಲದಲ್ಲಿ ಚರಗ ಚೆಲ್ಲುತ್ತಿದ್ದುದನ್ನು, ಅಂದರೆ ಭೂಮಿತಾಯಿಗೆಂದು ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತಿದ್ದುದನ್ನು ಇಟ್ಟುಕೊಂಡು ಒಂದು ಕಥೆ ಬರೆಯಬೇಕೆಂದು ಎರಡು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಗಡಿಗೆ ಎಲ್ಲವೂ ಕಣ್ಣ ಮುಂದಿವೆ. ಆಯಿಯ ಮಾತೂ ಕಿವಿಯಲ್ಲಿದೆ. ಆದರೆ ಕಾಗದಕ್ಕೆ ಇಳಿಯುವಷ್ಟರಲ್ಲಿ ಅದು ಪಠ್ಯಪುಸ್ತಕದ ಕನ್ನಡವಾಗಿ, ಆಯಿ ಯಾರೋ ಪರಊರಿನವರಂತೆ ಕಾಣತೊಡಗುತ್ತಾರೆ. ನಾನು ಹಾಳೆ ಹರಿಯುತ್ತೇನೆ. ಹಿಂದೊಮ್ಮೆ ಒಂದು ತರಬೇತಿಯಲ್ಲಿ ನಾನು ಓದಿದ ಪುಟ ಕೇಳಿ, "ಇದು ಬರವಣಿಗೆಯ ಭಾಷೆಯಲ್ಲ" ಎಂದು ಒಬ್ಬರು ನಕ್ಕಿದ್ದರು. ಪೆನ್ನು ಹಿಡಿದಾಗಲೆಲ್ಲ ಆ ನಗೆ ಮೊದಲು ಕೇಳಿಸುತ್ತದೆ. ಇದನ್ನು ದಾಟಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಉಪನ್ಯಾಸಕ, ಕಲಬುರಗಿ

ತಂಗಿ, ನೀವಿರುವ ತಾಲ್ಲೂಕಿನಲ್ಲಿಯೇ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನ ಆಸ್ಥಾನದಲ್ಲಿ, ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ ರಚಿತವಾದ ಕವಿರಾಜಮಾರ್ಗವು ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ. ಈ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು ಎಂದು ಅದು ಹೇಳುತ್ತದೆ. ಕನ್ನಡದ ದೇಸಿಗಳು, ಅಂದರೆ ಆಯಾ ಕಡೆಯ ಮಾತಿನ ಬಗೆಗಳು, ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಇಂತಿಷ್ಟೇ ಎಂದು ನಿರ್ಣಯಿಸಹೊರಟರೆ ಸರ್ಪರಾಜ ವಾಸುಕಿಯೂ ಬೇಸರಗೊಳ್ಳುತ್ತಾನೆ ಎಂಬ ಮಾತೂ ಅಲ್ಲಿದೆ. ಅದು ಲಕ್ಷಣಗ್ರಂಥವೆಂಬುದನ್ನು, ಸರಿತಪ್ಪುಗಳನ್ನು ವಿವರಿಸಲೆಂದೇ ಹುಟ್ಟಿದ ಪುಸ್ತಕವೆಂಬುದನ್ನು ಗಮನಿಸಿ. ನಿಮ್ಮ ಪುಟ ಕೇಳಿ ನಕ್ಕವರು ಆ ಗ್ರಂಥಕ್ಕಿಂತ ಕಟ್ಟುನಿಟ್ಟಾಗಲು ಹೊರಟಿದ್ದರು.

ಉತ್ತರ 2: ಬೀದರ್

ನಮ್ಮ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಆದ್ದರಿಂದ ನಿಮ್ಮ ಸಂಕಟ ನನಗೆ ಗೊತ್ತು. ನಾನು ಕಂಡುಕೊಂಡ ದಾರಿ ಇದು. ಮೊದಲ ಸಲ ಬರೆಯುವುದಿಲ್ಲ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕಥೆಯನ್ನು ಹೇಳುತ್ತೇನೆ. ಹೇಳುವಾಗ ಯಾರಿಗೂ ಕಾಗುಣಿತ ನೆನಪಾಗುವುದಿಲ್ಲ. ಮರುದಿನ ಕೇಳುತ್ತ, ಕೇಳಿದ್ದನ್ನು ಕೇಳಿದಂತೆಯೇ ಬರೆದು, ಒಂದು ವಾರ ಮುಚ್ಚಿಡುತ್ತೇನೆ. ತಿದ್ದುವ ಕೆಲಸ ಆಮೇಲಿನದು. ಬರೆಯುವವಳೂ ತಿದ್ದುವವಳೂ ಒಂದೇ ಹೊತ್ತಿಗೆ ಕುಳಿತರೆ ಬರೆಯುವವಳೇ ಎದ್ದು ಹೋಗುತ್ತಾಳೆ. ನಮ್ಮ ಬಸವಕಲ್ಯಾಣದ ಶರಣರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಇದ್ದ, ಅಕ್ಕಿ ಆಯುವ ಕಾಯಕದ ಲಕ್ಕಮ್ಮನೂ ಇದ್ದಳು. ಅವರ ವಚನಗಳು ಕಾಯಕದ ಮಾತನ್ನು ಬಿಟ್ಟುಕೊಡಲಿಲ್ಲ.

ಉತ್ತರ 3: ಯಾದಗಿರಿ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಅನುಭವ ಹೇಳಬೇಕು. ನನ್ನ ಮೊದಲ ಕಥೆಯನ್ನು ಓದು ಬಾರದ ನಮ್ಮವ್ವನಿಗೆ ಓದಿ ಹೇಳಿದೆ. ಭಾಷೆಯ ಬಗ್ಗೆ ಏನನ್ನುತ್ತಾಳೋ ಎಂಬ ಅಳುಕಿತ್ತು. ಅವಳು ನಡುವೆ ತಡೆದು, "ತೊಗರಿ ಹೂ ಬಿಟ್ಟ ಮ್ಯಾಲ ಯಾರರ ಎಡಿ ಹೊಡಿತಾರೇನೋ?" ಎಂದಳು. ಎಡಿ ಹೊಡೆಯುವುದೆಂದರೆ ಸಾಲುಗಳ ನಡುವೆ ಕುಂಟೆ ಹಾಯಿಸಿ ಕಳೆ ತೆಗೆಯುವುದು. ಅವಳ ಗಮನವೆಲ್ಲ ಹೊಲದ ಮೇಲಿತ್ತು, ನನ್ನದು ಮಾತ್ರ ನನ್ನ ಮೇಲಿತ್ತು. ಆ ವಾಕ್ಯ ತಿದ್ದಿದೆ. ಅಂದಿನಿಂದ ಅವ್ವನಿಗೆ ಕೇಳಿಸದೆ ಯಾರಿಗೂ ತೋರಿಸುವುದಿಲ್ಲ. ನಿಮ್ಮ ಊರಲ್ಲಿ ಆಯಿಯ ಓರಗೆಯವರು ಯಾರಾದರೂ ಇದ್ದರೆ ಅವರ ಮುಂದೆ ಓದಿ.

ಪ್ರಶ್ನೆ ಕೇಳಿದವರು

ಮೂವರಿಗೂ ಶರಣಾರ್ಥಿ. ನಿನ್ನೆ ರಾತ್ರಿ ರೆಕಾರ್ಡ್ ಮಾಡಿದೆ, ಹನ್ನೊಂದು ನಿಮಿಷ ಬಂತು. ಆಯಿಯ ಮಾತುಗಳನ್ನು ಹಾಗೆಯೇ ಇಳಿಸಿಕೊಂಡಿದ್ದೇನೆ, ಹಾಳೆ ಹರಿದಿಲ್ಲ. ಅವರ ತಂಗಿ ಚಿತ್ತಾಪುರದ ಕಡೆ ಇದ್ದಾರೆ. ಭಾನುವಾರ ಬಸ್ಸಿಗೆ ಹೋಗಿ ಓದಿ ಬರುತ್ತೇನೆ. ಒಂದು ಸಂದೇಹ ಉಳಿದಿದೆ: ಮಾತುಗಳು ನಮ್ಮ ಕಡೆಯವಾದವು, ನಡುವಿನ ನಿರೂಪಣೆ ಇನ್ನೂ ಪುಸ್ತಕದ ಕನ್ನಡದಲ್ಲಿಯೇ ಇದೆ. ಅದನ್ನೂ ಬದಲಿಸಬೇಕೆ?

ಉತ್ತರ 1 ಬರೆದವರು

ಈಗ ಬೇಡ ತಂಗಿ. ಮೊದಲು ಚಿತ್ತಾಪುರಕ್ಕೆ ಹೋಗಿ ಬನ್ನಿ. ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.