ಜರ್ಮನಿ ಕ್ಲೈಂಟ್ ಎಐ ತರಬೇತಿ ದಾಖಲೆ ಕೇಳ್ಯಾರ: 60 ಮಂದಿಗೆ ಏನು ಕಲಿಸಬೇಕು, ಹೆಂಗ ಕಲಿಸಬೇಕು?

ತೊಗರಿನಾಡು (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಕಲಬುರಗಿಯೊಳಗ ನಮ್ಮದು ಬ್ಯಾಕ್ ಆಫೀಸ್ ಕೆಲಸ. 60 ಮಂದಿ, ಎರಡು ಶಿಫ್ಟ್. ಜರ್ಮನಿಯ ಕ್ಲೈಂಟ್‌ದು ಇನ್‌ವಾಯ್ಸ್ ಎಂಟ್ರಿ, ಜೊತಿಗೆ ಅವರ ಗ್ರಾಹಕರ ದೂರಿಗೆ ಉತ್ತರದ ಕರಡು ಬರಿಯೋದು. ಎರಡರಾಗೂ ಮೊದಲು ಎಐ ಟೂಲ್ ಕೆಲಸ ಮಾಡ್ತದ, ಆಮ್ಯಾಲ ನಮ್ಮ ಹುಡುಗ್ರು ಚೆಕ್ ಮಾಡ್ತಾರ.

ಈಗ ಕ್ಲೈಂಟ್‌ನಿಂದ ಮೇಲ್ ಬಂದದ: ಯುರೋಪಿನ ಎಐ ಕಾಯ್ದೆ ಕಲಂ 4ರ ಪ್ರಕಾರ ಸಿಬ್ಬಂದಿಗೆ ಎಐ ಸಾಕ್ಷರತೆ (ಎಐ ಟೂಲನ್ನ ತಿಳಿದು, ಅದರ ಅಪಾಯ ಅರಿತು ಬಳಸೋ ಜ್ಞಾನ) ಕೊಟ್ಟದ್ದಕ್ಕ ದಾಖಲೆ ತೋರಿಸ್ರಿ ಅಂತ. ಒಂದು ಏಜೆನ್ಸಿಯವರು ಆನ್‌ಲೈನ್ ವಿಡಿಯೊ, ಕಡೀಗೆ ತಲಾ ಒಂದು ಸರ್ಟಿಫಿಕೇಟ್ ಅಂತ ಕೊಟೇಶನ್ ಕೊಟ್ಟಾರ. ಅಷ್ಟು ಸಾಕೇನ್ರಿ? ನಮ್ಮಲ್ಲಿ ಬಹಳ ಮಂದಿ ಕನ್ನಡ ಮಾಧ್ಯಮದಾಗ ಓದಿದ ಬಿ.ಕಾಂ., ಪಿಯುಸಿಯವರು, ಕೆಲವರಿಗೆ ಉರ್ದು, ಹಿಂದಿ ಸಲೀಸು. ಇಲ್ಲಿ ಕೂತ ನಮಗ ಆ ಕಾಯ್ದೆ ಬರ್ತದೇನು? ಎಷ್ಟು ತಾಸು ಕಲಿಸಬೇಕು, ದಾಖಲೆ ಹೆಂಗ ಇಡಬೇಕು?

ಶಹಾಬಾದ್‌ಕಲ್ಲು:

ಮೊದಲು ಕಾಯ್ದೆಯ ಮಾತು. ಇದು ಯುರೋಪಿಯನ್ ಒಕ್ಕೂಟದ 2024/1689 ಸಂಖ್ಯೆಯ ನಿಯಮ. 2024ರ ಆಗಸ್ಟ್ 1ಕ್ಕೆ ಜಾರಿಗೆ ಬಂತು, ಕಲಂ 4 ಅನ್ವಯ ಆಗಿದ್ದು 2025ರ ಫೆಬ್ರವರಿ 2ರಿಂದ. ಎಐ ಟೂಲ್ ಕೊಟ್ಟ ಫಲಿತಾಂಶ ಯುರೋಪಿನೊಳಗೆ ಬಳಕೆಯಾದರೆ, ಟೂಲ್ ಬಳಸುವ ಸಂಸ್ಥೆ ಹೊರದೇಶದಲ್ಲಿದ್ದರೂ ಕಲಂ 2ರ ಪ್ರಕಾರ ಕಾಯ್ದೆ ತಗಲುತ್ತದೆ. ನೀವು ಚೆಕ್ ಮಾಡಿದ ಇನ್‌ವಾಯ್ಸ್ ಜರ್ಮನಿಯ ಲೆಕ್ಕದ ಪುಸ್ತಕ ಸೇರುತ್ತದೆ, ಹಾಗಾಗಿ ಕ್ಲೈಂಟ್ ಕೇಳಿದ್ದರಲ್ಲಿ ತಪ್ಪಿಲ್ಲ. ಸಂಸ್ಥೆಯ ಪರವಾಗಿ ಟೂಲ್ ಬಳಸುವ ಇತರರನ್ನೂ ಕಲಂ 4 ಸೇರಿಸುತ್ತದೆ. ಅಂದರೆ ಗುತ್ತಿಗೆಯವರು, ಟ್ರೈನಿಗಳು ಲೆಕ್ಕಕ್ಕೆ ಬರುತ್ತಾರೆ. ಹೊಸಬರಿಗೆ ತರಬೇತಿ ಮುಗಿಯದೆ ಲಾಗಿನ್ ಕೊಡಬೇಡಿ.

2025ರ ನವೆಂಬರ್ 19ರಂದು ಯುರೋಪಿಯನ್ ಕಮಿಷನ್ ಈ ಹೊಣೆಯನ್ನು ಕಂಪನಿಗಳ ಮೇಲಿಂದ ಸಡಿಲಿಸಿ, ಪ್ರೋತ್ಸಾಹಿಸುವ ಕೆಲಸವನ್ನು ಸದಸ್ಯ ರಾಷ್ಟ್ರಗಳಿಗೂ ತನಗೂ ಒಪ್ಪಿಸುವ ಪ್ರಸ್ತಾಪ ಮಂಡಿಸಿತು. ಅದನ್ನು ನೆಚ್ಚಿಕೊಂಡು ಕೂರಬೇಡಿ. ನಿಮ್ಮನ್ನು ಕಟ್ಟಿಹಾಕುವುದು ಕ್ಲೈಂಟ್ ಜೊತೆಗಿನ ಕರಾರು. ಅಲ್ಲಿ ಈ ಷರತ್ತು ಬರೆದಿದ್ದರೆ ಅದು ಹಾಗೇ ಇರುತ್ತದೆ.

ಇನ್ನು ಸರ್ಟಿಫಿಕೇಟ್. ಕಾಯ್ದೆ ಅದನ್ನು ಕೇಳಿಲ್ಲ. ಸಂಸ್ಥೆಯೇ ಇಟ್ಟ ತರಬೇತಿ ದಾಖಲೆ ಸಾಕು ಎಂದು ಕಮಿಷನ್ನೇ ಹೇಳಿದೆ. ಸಿಬ್ಬಂದಿಯ ತಾಂತ್ರಿಕ ಜ್ಞಾನ, ಅನುಭವ, ಓದು, ಟೂಲ್ ಬಳಸುವ ಸಂದರ್ಭ ನೋಡಿ ಕಲಿಸಬೇಕು ಎಂಬುದು ಕಲಂನ ತಿರುಳು. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ವಿಡಿಯೊ ಹಾಕಿ ಕೈ ತೊಳೆದುಕೊಂಡರೆ ಆ ತಿರುಳೇ ಹೋಯಿತು. ಪಾಠ ಕನ್ನಡ, ಹಿಂದಿ, ಉರ್ದುವಿನಲ್ಲಿ ಮಾಡಿ, ಕ್ಲೈಂಟ್‌ಗೆ ಇಂಗ್ಲಿಷ್ ಸಾರಾಂಶ ಕಳಿಸಿ. ಯಾವ ತಂಡಕ್ಕೆ ಯಾವ ಭಾಷೆಯಲ್ಲಿ ಪಾಠವಾಯಿತು ಎಂದು ದಾಖಲೆಯಲ್ಲಿ ಬರೆದರೆ ಅದೇ ಒಳ್ಳೆಯ ಸಾಕ್ಷಿ.

ಎಲ್ಲರಿಗೂ ಒಂದೂವರೆ ತಾಸಿನ ಒಂದು ಪಾಠ ಸಾಕು: ಟೂಲ್ ಊಹಿಸಿ ಬರೆಯುತ್ತದೆ, ಗೊತ್ತಿಲ್ಲದ್ದನ್ನೂ ಗೊತ್ತಿದ್ದ ಹಾಗೆ ಬರೆಯುತ್ತದೆ, ಯಾವ ಮಾಹಿತಿ ಎಲ್ಲಿ ಹಾಕಬಾರದು, ತಪ್ಪು ಕಂಡರೆ ಯಾರಿಗೆ ಹೇಳಬೇಕು. ನಿಜವಾದ ಕಲಿಕೆ ಇರುವುದು ಇದರ ನಂತರದ ಎರಡು ಅರ್ಧ ದಿನಗಳ ಕೈಕೆಲಸದಲ್ಲಿ. 20 ಇನ್‌ವಾಯ್ಸ್ ತೆಗೆದುಕೊಳ್ಳಿ, ಹೆಸರು, ಖಾತೆ ಸಂಖ್ಯೆ ಬದಲಿಸಿ, 6ರ ಎಂಟ್ರಿಯಲ್ಲಿ ಬೇಕಂತಲೇ ತಪ್ಪು ಇಡಿ. ಎಂಥ ತಪ್ಪು ಅಂದರೆ ಜರ್ಮನಿಯ ಕಾಗದದಲ್ಲಿ ನಿಜವಾಗಿ ಆಗುವಂಥವು. ಅಲ್ಲಿ 1.250 ಎಂದರೆ ಸಾವಿರದ ಇನ್ನೂರೈವತ್ತು, ದಶಮಾಂಶಕ್ಕೆ ಅವರು ಅಲ್ಪವಿರಾಮ ಹಾಕುತ್ತಾರೆ; ಟೂಲ್ ಅದನ್ನು ಒಂದೂಕಾಲು ಎಂದು ಓದಬಹುದು. 03.04 ಅಂದರೆ ಏಪ್ರಿಲ್ 3, ಅದು ಮಾರ್ಚ್ 4 ಆದರೆ ಬೇಗ ಪಾವತಿಸಿದವರಿಗೆ ಸಿಗುವ ಸ್ಕೊಂಟೊ ರಿಯಾಯಿತಿಯ ಗಡುವೇ ತಪ್ಪುತ್ತದೆ. ಗುಟ್‌ಶ್ರಿಫ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಕ್ರೆಡಿಟ್ ನೋಟ್. ಟೂಲ್ ಅದನ್ನು ಮಾಮೂಲಿ ಬಿಲ್ ಎಂದುಕೊಂಡರೆ ಕಳೆಯಬೇಕಾದ ಮೊತ್ತ ಕೂಡಿಕೊಳ್ಳುತ್ತದೆ. 19 ಮತ್ತು 7 ಶೇಕಡಾ ತೆರಿಗೆ ಎರಡೂ ಇರುವ ಬಿಲ್‌ನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವುದು, ಪುಟ ತಿರುಗುವಲ್ಲಿ ಒಂದು ಸಾಲು ಬಿಟ್ಟುಹೋಗುವುದು, ಡೆಲಿವರಿ ನೋಟ್ ನಂಬರ್ ಇನ್‌ವಾಯ್ಸ್ ನಂಬರ್ ಜಾಗಕ್ಕೆ ಬರುವುದು ಇನ್ನುಳಿದ ಮೂರು. ಐಬ್ಯಾನ್ (ಅಲ್ಲಿನ ಬ್ಯಾಂಕ್ ಖಾತೆ ಸಂಖ್ಯೆ) ಅಂಕಿ ತಪ್ಪುವುದನ್ನು ಇದರಲ್ಲಿ ಸೇರಿಸಬೇಡಿ. ಅದರಲ್ಲಿ ಸಂಖ್ಯೆ ಸರಿಯೇ ಎಂದು ತಾಳೆ ನೋಡುವ ಅಂಕಿ ಇರುತ್ತದೆ, ಸಾಫ್ಟ್‌ವೇರೇ ಹಿಡಿಯಬೇಕು. ಯಂತ್ರ ಹಿಡಿಯುವುದನ್ನು ಮನುಷ್ಯರ ಕಣ್ಣಿಗೆ ಹೊರಿಸಿದರೆ, ಕಣ್ಣಷ್ಟೇ ಹಿಡಿಯಬಲ್ಲ ತಪ್ಪು ಜಾರಿಹೋಗುತ್ತದೆ.

ದೂರಿನ ಕರಡು ನೋಡುವವರಿಗೆ ಬೇರೆ ಅಭ್ಯಾಸ ಬೇಕು. ಅಲ್ಲಿ ತಪ್ಪು ಅಂಕಿಯದಲ್ಲ, ಮಾತು ಕೊಡುವುದರದ್ದು. ಆನ್‌ಲೈನ್ ಖರೀದಿ ರದ್ದು ಮಾಡಲು ಯುರೋಪಿನಲ್ಲಿ ಸಾಮಾನ್ಯವಾಗಿ 14 ದಿನ. ಕರಡಿನಲ್ಲಿ ಟೂಲ್ 30 ದಿನ ಎಂದು ಸಭ್ಯವಾಗಿ ಬರೆದಿರುತ್ತದೆ. ಭಾಷೆ ನಯವಾಗಿದ್ದಷ್ಟೂ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಕರಡಿನ ಪ್ರತಿ ದಿನಾಂಕ, ಮೊತ್ತ, ಭರವಸೆಗೆ ಅಡಿಗೆರೆ ಎಳೆದು, ಕ್ಲೈಂಟ್‌ನ ಪಾಲಿಸಿಯಲ್ಲಿ ಅದರ ಸಾಲು ತೋರಿಸಿ ಎಂದು ಕೇಳಿ.

ಬೀದರ್‌ಕ್ಯೂಎ:

ಮ್ಯಾಲಿನವರು ಹೇಳಿದ್ದು ಖರೆ ಅದ. ದಾಖಲೆ ಬಗ್ಗೆ ನಾ ಸೇರಸ್ತೀನಿ. ಔಷಧ ಕಾರ್ಖಾನಿ ಕ್ವಾಲಿಟಿ ಕೆಲಸದಾಗ ಆಡಿಟರ್ ಮೊದಲು ಕೇಳೋದು ಹಾಜರಿ ಪಟ್ಟಿ, ಎರಡನೇದು ತರಬೇತಿ ಪರಿಣಾಮ ಆಗೇದ ಅನ್ನೋದಕ್ಕ ಪುರಾವೆ. ಎರಡನೇದ್ರಾಗೇ ಎಲ್ಲಾರೂ ಸಿಕ್ಕಿಬೀಳ್ತಾರ. ಓದಿದೆ, ತಿಳೀತು ಅಂತ ಸಹಿ ಮಾಡಿಸಿದ್ರ ಅದು ಸಹಿ ಅಷ್ಟೇ.

ಒಬ್ಬೊಬ್ಬರಿಗೆ ಒಂದು ಹಾಳಿ ಮಾಡ್ರಿ. ಹೆಸರು, ಹುದ್ದೆ, ಬಳಸೋ ಟೂಲ್ ಮತ್ತ ಅದರ ಆವೃತ್ತಿ, ಪಾಠದ ಆವೃತ್ತಿ, ತಾರೀಖು, ಭಾಷೆ, ಕಲಿಸಿದವರು, ಪರೀಕ್ಷೆಯ ಫಲಿತಾಂಶ, ಮರುಪರೀಕ್ಷೆ ಇದ್ರ ಅದೂ. ಫೇಲಾದವರ ಹಾಳಿ ತಗದು ಒಗೀಬ್ಯಾಡ್ರಿ. 60ಕ್ಕ 60 ಮಂದಿ ಮೊದಲ ಸಲಕ್ಕೇ ಪಾಸ್ ಅಂದ್ರ ಯಾವ ಆಡಿಟರ್ರೂ ನಂಬಂಗಿಲ್ಲ. ಫೇಲ್, ಮತ್ತ ಪಾಠ, ಮತ್ತ ಪರೀಕ್ಷೆ ಅಂತ ಇದ್ರ ವ್ಯವಸ್ಥಾ ಕೆಲಸ ಮಾಡ್ಲಿಕ್ಕತ್ತದ ಅಂತ ತಿಳೀತಾರ.

ಪರೀಕ್ಷೆಗೆ ಎರಡು ಲೆಕ್ಕ ಇಡ್ರಿ: 6 ತಪ್ಪಿನಾಗ ಎಷ್ಟು ಹಿಡಿದ್ರು, ಸರಿ ಇದ್ದ 14ರಾಗ ಎಷ್ಟಕ್ಕ ಸುಮ್ಮನ ತಪ್ಪು ಅಂದ್ರು. ಎರಡನೇದು ನೋಡ್ಲಿಲ್ಲಂದ್ರ ಎಲ್ಲಾದಕ್ಕೂ ತಪ್ಪು ಅಂತ ಗುರುತು ಹಾಕಿದವ ಪೂರ್ತಿ ಅಂಕ ತಗೊಂಡು ಹೋಗ್ತಾನ. ಮೊದಲ ಬ್ಯಾಚ್‌ನ ಪ್ರಶ್ನೆ ಸಂಜಿಗೆ ವಾಟ್ಸಾಪ್‌ನಾಗ ಎರಡನೇ ಬ್ಯಾಚ್‌ಗೆ ಮುಟ್ಟಿರ್ತದ, ಹಂಗಾಗಿ ಮೂರು ಸೆಟ್ ಬೇಕೇ ಬೇಕು.

ನಮ್ಮ ಕಡೆ ಕೊಳಾರ, ಯಾದಗಿರಿ ಕಡೆ ಕಡೇಚೂರು ಕೈಗಾರಿಕಾ ಪ್ರದೇಶದಾಗ ಔಷಧ, ಕೆಮಿಕಲ್ ಕೆಲಸದವರು ಯಾರರ ಓದ್ತಿದ್ರ ಒಂದು ಮಾತು: ಸಂಕ್ಷಿಪ್ತ ಪದದ ಪಾಠ ಬಿಡಬ್ಯಾಡ್ರಿ. ಎಲ್‌ಒಡಿ ಅಂದ್ರ ಒಂದು ಕಡೆ ಒಣಗಿಸಿದಾಗ ಕಡಿಮಿ ಆಗೋ ತೂಕ, ಇನ್ನೊಂದು ಕಡೆ ಪತ್ತೆ ಮಾಡಬಹುದಾದ ಕನಿಷ್ಠ ಪ್ರಮಾಣ. ಎನ್‌ಎಂಟಿ ಅಂದ್ರ ಇಷ್ಟಕ್ಕಿಂತ ಹೆಚ್ಚಿರಬಾರದು ಅಂತ. ಎಸ್‌ಒಪಿ (ಕೆಲಸ ಹೆಂಗ ಮಾಡಬೇಕು ಅನ್ನೋ ಲಿಖಿತ ಕ್ರಮ) ಅನುವಾದ ಮಾಡೋವಾಗ ಟೂಲ್ ಇವನ್ನ ತಿರುವುಮುರುವು ಮಾಡಿದ್ರ ಮಿತಿಯೇ ಬದಲಾಗ್ತದ.

ಭೀಮಾತೀರ (ಯಾದಗಿರಿ):

ಮೊಬೈಲ್ ವಿಷಯ ಯಾರೂ ಎತ್ತಲಿಲ್ಲ. ಆಫೀಸ್ ಟೂಲ್ ನಿಧಾನ ಆದಾಗ ಹುಡುಗರು ಸ್ಕ್ರೀನ್ ಫೋಟೊ ಹೊಡೆದು ತಮ್ಮ ಸ್ವಂತ ಚಾಟ್‌ಜಿಪಿಟಿ ಖಾತೆಗೆ ಹಾಕುತ್ತಾರೆ. ಉಚಿತ ಖಾತೆಯಲ್ಲಿ, ನಾವಾಗಿ ಬೇಡ ಎಂದು ಆಯ್ಕೆ ಮಾಡದಿದ್ದರೆ, ಸಂಭಾಷಣೆ ಮಾದರಿಯ ತರಬೇತಿಗೆ ಬಳಕೆಯಾಗಬಹುದು. ಬರೀ ನಿಷೇಧ ಹೇರಿದರೆ ಕದ್ದು ಮಾಡುತ್ತಾರೆ. ಯಾವ ಕೆಲಸಕ್ಕೆ ಯಾವ ಟೂಲ್ ಎಂದು ಒಂದು ಹಾಳೆ ಬರೆದು ಪ್ರತಿ ಮೇಜಿಗೆ ಅಂಟಿಸಿ, ಟೂಲ್ ಬಂದ್ ಬಿದ್ದಾಗ ಕೈಯಿಂದ ಎಂಟ್ರಿ ಮಾಡುವ ದಾರಿಯನ್ನೂ ಅದರಲ್ಲೇ ಬರೆಯಿರಿ.

ನಮ್ಮ ದೇಶದ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ) ಕಾಯ್ದೆಯಲ್ಲಿ, ಹೊರದೇಶದ ಕರಾರಿನ ಮೇಲೆ ಅಲ್ಲಿನವರ ಮಾಹಿತಿ ನಿಭಾಯಿಸುವವರಿಗೆ ಬಹಳಷ್ಟು ವಿನಾಯಿತಿ ಇದೆ. ಆದರೆ ಮಾಹಿತಿಗೆ ಸೂಕ್ತ ಭದ್ರತೆ ಕೊಡುವ ಹೊಣೆಗೆ ವಿನಾಯಿತಿ ಇಲ್ಲ, ಅದು ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಮ್ಮ ಸ್ವಂತ ಸಿಬ್ಬಂದಿಯ ಆಧಾರ್, ಬ್ಯಾಂಕ್ ವಿವರಕ್ಕಂತೂ ಆ ವಿನಾಯಿತಿಯೂ ಅನ್ವಯಿಸುವುದಿಲ್ಲ.

ತೊಗರಿನಾಡು (ಕಲಬುರಗಿ):

ಎಲ್ಲರಿಗೂ ಶರಣು, ಬಹಳ ಉಪಕಾರ ಆಯ್ತು. ಇನ್ನೆರಡು ಪ್ರಶ್ನೆ. ಟೂಲ್ ಆಗಾಗ ಅಪ್‌ಡೇಟ್ ಆಗ್ತದ, ಪ್ರತಿ ಸಲ ಎಲ್ಲಾ ಮತ್ತ ಕಲಿಸಬೇಕೇನು? ಎಚ್‌ಆರ್‌ನವರು ಬಯೋಡೇಟಾ ಸೋಸೋಕೂ ಎಐ ಬಳಸ್ತಾರ, ಅವರಿಗೂ ಇದೇ ಪಾಠ ನಡೀತದೇನು?

ಶಹಾಬಾದ್‌ಕಲ್ಲು:

ಅಪ್‌ಡೇಟ್ ಆದಾಗ ಪಾಠಕ್ಕಿಂತ ಮೊದಲು ಟೂಲ್‌ಗೇ ಪರೀಕ್ಷೆ ಮಾಡಿ. ಉತ್ತರ ಗೊತ್ತಿರುವ ಅದೇ 20 ಇನ್‌ವಾಯ್ಸ್, ತಪ್ಪು ಇಡದ ಮೂಲ ಪ್ರತಿಗಳನ್ನು ಟೂಲ್‌ಗೆ ಕೊಟ್ಟು ಹಳೆಯ ಫಲಿತಾಂಶದ ಜೊತೆ ಹೋಲಿಸಿ. ಹೊಸ ಬಗೆಯ ತಪ್ಪು ಕಂಡರೆ 20 ನಿಮಿಷದ ಪಾಠ ಮಾಡಿ, ಹಾಳೆಯಲ್ಲಿ ಆವೃತ್ತಿ ಬದಲಿಸಿ. ಕಾಣದಿದ್ದರೆ ಪರೀಕ್ಷೆ ಮಾಡಿದ ದಾಖಲೆ ಇಟ್ಟರೆ ಮುಗಿಯಿತು.

ಅದಕ್ಕಿಂತ ದೊಡ್ಡ ಅಪಾಯ, ಟೂಲ್ ಬಹುಪಾಲು ಸರಿ ಇರುವುದು. ದಿನವಿಡೀ ಸರಿ ಕಂಡ ಕಣ್ಣು ಸಂಜೆಗೆ ನೋಡದೆಯೇ ಓಕೆ ಒತ್ತುತ್ತದೆ. ಯಂತ್ರದ ಮಾತನ್ನೇ ನಂಬಿಬಿಡುವ ಈ ಒಲವನ್ನು ಕಾಯ್ದೆಯ ಕಲಂ 14 ಹೆಸರು ಹಿಡಿದೇ ಹೇಳಿದೆ. ವಾರಕ್ಕೊಮ್ಮೆ ಪ್ರತಿಯೊಬ್ಬರು ಚೆಕ್ ಮಾಡುವ ಕೆಲಸದಲ್ಲಿ ಗೊತ್ತಿರುವ ಒಂದೆರಡು ತಪ್ಪು ಸೇರಿಸಿ, ಕ್ಲೈಂಟ್‌ಗೆ ಹೋಗುವ ಮುಂಚೆ ಅವು ಹಿಂದಕ್ಕೆ ಬರುವಂತೆ ಗುರುತು ಇಡಿ. ಹೀಗೆ ಮಾಡುತ್ತೇವೆ ಎಂದು ಸಿಬ್ಬಂದಿಗೆ ಮೊದಲೇ ಹೇಳಿ, ಸಂಬಳಕ್ಕೆ ಗಂಟು ಹಾಕಬೇಡಿ. ತಾಸಿಗೆ ಇಷ್ಟು ಇನ್‌ವಾಯ್ಸ್ ಎಂಬ ಟಾರ್ಗೆಟ್ ಓದಿ ನೋಡಲು ಬೇಕಾದ ಸಮಯಕ್ಕಿಂತ ಬಿಗಿಯಾಗಿದ್ದರೆ ಯಾವ ತರಬೇತಿಯೂ ನಿಲ್ಲುವುದಿಲ್ಲ. ಅದನ್ನು ಮೊದಲು ಸಡಿಲಿಸಿ.

ಎಚ್‌ಆರ್ ಪಾಠ ಬೇರೆಯೇ. ನೇಮಕಾತಿಗೆ ಬಯೋಡೇಟಾ ಸೋಸುವ ಎಐ ಕಾಯ್ದೆಯ ಅನುಬಂಧ 3ರ ಪ್ರಕಾರ ಹೆಚ್ಚು ಅಪಾಯದ ಪಟ್ಟಿಯಲ್ಲಿದೆ. ಕಲಬುರಗಿಯ ಹುದ್ದೆಗೆ ಇಲ್ಲಿನವರನ್ನೇ ಸೋಸುತ್ತಿದ್ದರೆ ಫಲಿತಾಂಶ ಯುರೋಪಿಗೆ ಹೋಗುವುದಿಲ್ಲ, ಆ ನಿಯಮ ನಿಮಗೆ ಬರುವುದಿಲ್ಲ. ಕ್ಲೈಂಟ್‌ನ ಜರ್ಮನಿಯ ಹುದ್ದೆಗಳಿಗೆ ನೀವು ಸೋಸಿ ಕೊಡುತ್ತಿದ್ದರೆ ಬರುತ್ತದೆ. ಆಗ ಟೂಲ್‌ನ ನಿರ್ಧಾರ ತಿರುಗಿಸುವ ಅಧಿಕಾರ, ಅದಕ್ಕೆ ಬೇಕಾದ ತರಬೇತಿ ಇರುವ ವ್ಯಕ್ತಿಯನ್ನು ಹೆಸರಿಸಬೇಕಾಗುತ್ತದೆ. ಅಂಥ ಕೆಲಸ ಇದೆಯೇ ಎಂದು ಮೊದಲು ಕರಾರಿನಲ್ಲಿ ನೋಡಿ.

ವೇಳೆಯ ಬಗ್ಗೆ: ಏಪ್ರಿಲ್, ಮೇ ತಿಂಗಳಲ್ಲಾದರೆ ಪಾಠ ಬೆಳಿಗ್ಗೆ 8ಕ್ಕೆ ಇಡಿ. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಆ ಬಿಸಿಲಿಗೆ 8ರಿಂದ 1.30ಕ್ಕೆ ಬದಲಾಗುತ್ತವೆ. ಎರಡನೇ ಶಿಫ್ಟಿನವರನ್ನು ಮುಂಜಾನೆ ಕರೆಸಿದರೆ ಆ ತಾಸುಗಳನ್ನು ಕೆಲಸದ ವೇಳೆಯಲ್ಲೇ ಲೆಕ್ಕ ಹಿಡಿಯಿರಿ, ಇಲ್ಲವಾದರೆ ಹಾಜರಿ ಪಟ್ಟಿಯಲ್ಲಿ ಒಬ್ಬರ ಸಹಿ ಇನ್ನೊಬ್ಬರು ಹಾಕಿರುತ್ತಾರೆ.