ಹ್ಯಾಂಡಲ್ ಇಳಿಸುವುದೋ, ತಗ್ಗಿಸುವುದೋ, ಬಗ್ಗಿಸುವುದೋ?

ಗೆಳೆಯರೇ,

ಬೈಕಿನ ಹ್ಯಾಂಡಲ್ ಎತ್ತರ ಕಡಿಮೆ ಮಾಡಿಕೊಂಡು, ರೇಸ್ ಬೈಕಿನವರ ಹಾಗೆ ಮುಂದಕ್ಕೆ ಬಾಗಿ ಕೂರುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಭಾಗಗಳ ಹೆಸರಿನದ್ದೇನೂ ತೊಂದರೆ ಇಲ್ಲ. ಹ್ಯಾಂಡಲ್, ಗ್ರಿಪ್, ಲಿವರ್, ಕ್ಲಚ್ ಕೇಬಲ್ ಎಲ್ಲರ ಬಾಯಲ್ಲೂ ಇವೆ, ಹಾಗೇ ಇಡುತ್ತೇನೆ. ತೊಡಕಿರುವುದು ಕ್ರಿಯಾಪದಗಳಲ್ಲಿ. ಇಳಿಸು, ತಗ್ಗಿಸು, ಬಗ್ಗಿಸು, ತಿರುಗಿಸು – ಯಾವುದನ್ನು ಎಲ್ಲಿ ಹಾಕಬೇಕು? ಸ್ಪ್ಯಾನರ್ ಕೈಲಿ ಹಿಡಿದು ಓದುವವರು ಒಂದು ಪದವನ್ನು ಬೇರೆ ಅರ್ಥದಲ್ಲಿ ತಗೊಂಡರೆ ಸ್ಟೀರಿಂಗೇ ಕೆಡುತ್ತೆ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು 'ಬಗ್ಗಿಸು'. ಬೈಕ್ ಬಿದ್ದು ಹ್ಯಾಂಡಲ್ ಸೊಟ್ಟಗಾದರೆ 'ಹ್ಯಾಂಡಲ್ ಬಗ್ಗಿದೆ' ಅಂತೀವಿ. ಹಾಗಾಗಿ 'ಹ್ಯಾಂಡಲ್ ಸ್ವಲ್ಪ ಬಗ್ಗಿಸಿ' ಅಂತ ಬರೆದರೆ ಪೈಪನ್ನೇ ಬಗ್ಗಿಸಿ ಅನ್ನುವ ಅರ್ಥ ಬಂದೇ ಬರುತ್ತೆ. ಅದು ಮಾಡಬಾರದ ಕೆಲಸ. ಬಗ್ಗಿಸಿದ ಜಾಗದಲ್ಲಿ ಲೋಹದ ಬಲ ಕುಂದುತ್ತೆ. ಅಲ್ಯೂಮಿನಿಯಂ ಬಾರ್ ಆದರಂತೂ ಅಲ್ಲಿ ಬಿರುಕು ಬಿಟ್ಟು, ಓಡಿಸುವಾಗಲೇ ಮುರಿಯಬಹುದು. ಬಗ್ಗಬೇಕಾದ್ದು ಸವಾರರು. ಆದ್ದರಿಂದ ಈ ಪದವನ್ನು ಹ್ಯಾಂಡಲ್‌ಗೆ ಬಳಸಲೇಬಾರದು ಅಂತ ನನ್ನ ಅಭಿಪ್ರಾಯ.

'ಇಳಿಸು' ಬಾಯಿಗೆ ಮೊದಲು ಬರುವ ಪದ. ಆದರೆ 'ಎಂಜಿನ್ ಇಳಿಸಬೇಕು' ಅಂದರೆ ಏನು? ಎಂಜಿನ್ನನ್ನು ಬಿಚ್ಚಿ ಕೆಳಗಿಡಬೇಕು ಅಂತ ತಾನೇ? ಅದೇ ಕಿವಿಯಲ್ಲಿ 'ಹ್ಯಾಂಡಲ್ ಇಳಿಸಿ' ಅಂತ ಕೇಳಿದರೆ ಪೂರ್ತಿ ಕಳಚುವುದು ಅಂತಲೂ ಆಗುತ್ತೆ. 'ತಗ್ಗಿಸು' ಅಂದರೆ ಆ ಗೊಂದಲ ಇಲ್ಲ. ದನಿ ತಗ್ಗಿಸು, ಬೆಲೆ ತಗ್ಗಿಸು, ತಲೆ ತಗ್ಗಿಸು – ಎಲ್ಲ ಕಡೆಯೂ ಇರುವುದನ್ನು ಇಟ್ಟುಕೊಂಡೇ ಮಟ್ಟ ಕಡಿಮೆ ಮಾಡುವ ಅರ್ಥ. ಇನ್ನೊಂದು ಅನುಕೂಲ, 'ತಗ್ಗು' ನಾಮಪದವೂ ಆಗುತ್ತೆ. 'ತಗ್ಗು ಹ್ಯಾಂಡಲ್' ಅನ್ನಬಹುದು. ಅಳತೆ ಕೊಡುವಾಗ 'ತಗ್ಗು 30 ಮಿ.ಮೀ.' ಅಂತ ಬರೆದರೆ ಹಿಡಿ ಅಷ್ಟು ಕೆಳಗೆ ಬರುತ್ತೆ ಅಂತ ತಿಳಿಯುತ್ತೆ. ನನ್ನ ಮತ ಇದಕ್ಕೇ.

ತಗ್ಗಿಸುವ ದಾರಿಗಳಲ್ಲಿ ತೀರಾ ಸುಲಭದ್ದು, ಇರುವ ಬಾರನ್ನೇ ಅದರ ಕ್ಲಾಂಪಿನೊಳಗೆ (ಬಾರನ್ನು ಬಿಗಿಹಿಡಿದಿರುವ ಹಿಡಿಕೆ) ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಮಾಡುವುದು. ಇದನ್ನು 'ಹ್ಯಾಂಡಲ್ ತಿರುಗಿಸಿ' ಅಂತ ಬರೆಯುವ ಹಾಗಿಲ್ಲ, ಅದು ಎಡಕ್ಕೆ ಬಲಕ್ಕೆ ತಿರುಗಿಸುವ ಮಾತಾಗಿಬಿಡುತ್ತೆ. ನಾನು 'ಹೊರಳಿಸು' ಅಂತ ಹಾಕಿದ್ದೇನೆ: 'ಕ್ಲಾಂಪಿನ ಬೋಲ್ಟುಗಳನ್ನು ಸಡಿಲ ಮಾಡಿ, ಬಾರನ್ನು ಇದ್ದಲ್ಲೇ ತುಸು ಹೊರಳಿಸಿ.' ಬಾರನ್ನು ತಲೆಕೆಳಗು ಮಾಡಿ ಹಾಕುವವರೂ ಇದ್ದಾರೆ. ಅದಕ್ಕೆ 'ಮಗುಚಿ ಹಾಕು' ಸರಿಹೋಗುತ್ತೆ ಅನ್ಸುತ್ತೆ. ಹೊರಳಿಸಿದ ಮೇಲೆ ಲಿವರುಗಳನ್ನೂ ಹೊಸದಾಗಿ ಕೂರಿಸಬೇಕು. ಬೆರಳು ಲಿವರ್ ಮೇಲಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಬ್ರೇಕ್ ಆಯಿಲ್ ಡಬ್ಬಿ ಜಾಸ್ತಿ ಓರೆಯಾಗದಂತೆಯೂ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸೇರಬಹುದು.



ನಿಜವಾದ ಗೋಜಲು ಇರುವುದು ಫೋರ್ಕಿನಲ್ಲಿ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳಲ್ಲಿ. ಕ್ಲಿಪ್-ಆನ್ ಅನ್ನುವ ಹ್ಯಾಂಡಲ್ ಎರಡು ಬಿಡಿ ತುಂಡು. ಒಂದೊಂದೂ ಒಂದೊಂದು ಫೋರ್ಕ್ ಕೊಳವೆಯನ್ನು ಉಂಗುರದ ಹಾಗೆ ಸುತ್ತಿ ಹಿಡಿಯುತ್ತೆ. ಕೊಳವೆಯ ದಪ್ಪಕ್ಕೆ ಸರಿಯಾಗಿ ಹೊಂದುವುದನ್ನೇ ತರಬೇಕು. 41 ಮಿ.ಮೀ. ಕೊಳವೆಗೆ 43ರ ಕ್ಲಿಪ್-ಆನ್ ಹಾಕಿ ಗಟ್ಟಿಯಾಗಿ ಬಿಗಿದರೆ ಆಯ್ತು ಅನ್ನುವ ಹಾಗಿಲ್ಲ. ಇವನ್ನು ಮೇಲಿನ ಕ್ಲಾಂಪಿನ (ಬಾರಿನದ್ದಲ್ಲ, ಎರಡೂ ಕೊಳವೆಗಳನ್ನು ಮೇಲ್ತುದಿಯಲ್ಲಿ ಸೇರಿಸಿ ಹಿಡಿದಿರುವುದು) ಮೇಲೂ ಕೂರಿಸಬಹುದು, ಕೆಳಗೂ ಕೂರಿಸಬಹುದು. ಕೆಳಗೆ ಕೂರಿಸಿದರೆ ತಗ್ಗು ಜಾಸ್ತಿ. ಮೇಲೆ ಕೂರಿಸಬೇಕಾದರೆ ಕೊಳವೆಯ ತುದಿ ಕ್ಲಾಂಪಿನಿಂದ ಸಾಕಷ್ಟು ಹೊರಗೆ ಬಂದಿರಬೇಕು. ಎಷ್ಟೋ ಬೈಕುಗಳಲ್ಲಿ ಅದು ಬಂದಿರುವುದಿಲ್ಲ. ಆಗ ಕೆಲವರು ಕೊಳವೆಯನ್ನೇ ಮೇಲಕ್ಕೆ ಸರಿಸುತ್ತಾರೆ.

ಮಾತು ತಿರುಗುಮುರುಗಾಗುವುದು ಇಲ್ಲೇ. ಕೊಳವೆ ಮೇಲಕ್ಕೆ ಹೋದಂತೆ ಬೈಕಿನ ಮುಂಭಾಗ ಕೆಳಕ್ಕೆ ಬರುತ್ತೆ. ಒಬ್ಬರು ಇದನ್ನು 'ಫೋರ್ಕ್ ಏರಿಸಿದೆ' ಅಂತಾರೆ, ಇನ್ನೊಬ್ಬರು 'ಮುಂದೆ ಇಳಿಸಿದೆ' ಅಂತಾರೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಮೂರನೆಯವರು 'ಹ್ಯಾಂಡಲ್ ಇಳಿಸಿದೆ' ಅಂದರೆ ಅದು ಬೇರೆಯೇ ಕೆಲಸ. ಹ್ಯಾಂಡಲ್ ಮಾತ್ರ ತಗ್ಗಿದರೆ ಬದಲಾಗುವುದು ಕೂರುವ ರೀತಿ ಮತ್ತು ಮೈಭಾರ ಬೀಳುವ ಜಾಗ. ಫೋರ್ಕಿನ ಓರೆ ಹಾಗೇ ಇರುತ್ತೆ. ಮುಂಭಾಗವೇ ತಗ್ಗಿದರೆ ಫೋರ್ಕ್ ಇನ್ನಷ್ಟು ನೆಟ್ಟಗಾಗುತ್ತೆ, ಟ್ರೇಲ್ (ಸ್ಟೀರಿಂಗಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಚಕ್ರ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ) ಕಡಿಮೆಯಾಗುತ್ತೆ. ಬೈಕ್ ಬೇಗ ತಿರುಗುತ್ತೆ ನಿಜ, ಆದರೆ ವೇಗದಲ್ಲಿ ನೇರ ಓಡುವ ಸ್ಥಿರತೆ ಇಳಿಯುತ್ತೆ. ಜೊತೆಗೆ ಗುಂಡಿಗೆ ಬಿದ್ದಾಗ ಚಕ್ರ ಮೇಲೆ ತಾಗದಷ್ಟು ಜಾಗ ಉಳಿದಿದೆಯಾ ಅಂತಲೂ ನೋಡಬೇಕು. ಎರಡು ಕೆಲಸಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ಇದು ತಿಳಿಯುವುದೇ ಇಲ್ಲ. ಅದಕ್ಕೆ 'ಹ್ಯಾಂಡಲ್ ತಗ್ಗಿಸು' ಒಂದು ಕಡೆ, 'ಫೋರ್ಕ್ ಕೊಳವೆ ಮೇಲೆ ಸರಿಸು' ಇನ್ನೊಂದು ಕಡೆ, ಹೀಗೆ ಬೇರೆ ಬೇರೆ ಇಟ್ಟಿದ್ದೇನೆ. ಎರಡನೆಯದು ಉದ್ದವಾಯಿತು, ಒಪ್ಪುತ್ತೇನೆ. ಚಿಕ್ಕದು ಯಾವುದಾದರೂ ಹೊಳೆದರೆ ಹೇಳಿ, ಆದರೆ 'ಇಳಿಸು' ಬೇಡ.

ಇನ್ನು ಕೂರುವ ರೀತಿ. 'ಸ್ಪೋರ್ಟಿ' ಅನ್ನುವುದು ಮೈ ಹೇಗಿರಬೇಕು ಅಂತ ಏನೂ ಹೇಳುವುದಿಲ್ಲ. 'ಕ್ರೀಡಾ ಭಂಗಿ' ಅಂದರೆ ಓಟಕ್ಕೋ ಕುಸ್ತಿಗೋ ನಿಂತ ಹಾಗಾಗುತ್ತೆ. ಕನ್ನಡದಲ್ಲಿ ಮೈ ಚಲನೆಗೆ ಪದಗಳು ಚೆನ್ನಾಗಿ ಹಂಚಿಹೋಗಿವೆ, ಅವನ್ನೇ ಬಳಸೋಣ ಅಂತ ನನ್ನಾಸೆ. ಮುಂದಕ್ಕೆ 'ಬಾಗು', ತಿರುವಿನಲ್ಲಿ ಪಕ್ಕಕ್ಕೆ 'ವಾಲು', ಹಿಂದಕ್ಕೆ 'ಒರಗು'. 'ಮುಂದೆ ಬಾಗಿ ಕೂರುವುದು' ಅಂದರೆ ಸಾಕಲ್ವಾ? ಕೂರುವ ಕ್ರಮವನ್ನು ವಿವರಿಸುವಾಗ 'ಬಾಗು' ಜೊತೆ ಇನ್ನೊಂದು ಪದವೂ ಬೇಕಾಗುತ್ತೆ, 'ಊರು'. ತಗ್ಗು ಹ್ಯಾಂಡಲ್ ಮೇಲೆ ಕೈ ಊರಿ ಕೂತರೆ ಮೈಭಾರವೆಲ್ಲ ಅಂಗೈಗೆ ಬೀಳುತ್ತೆ. ಅಂಗೈಯ ಹೊರ ಅಂಚು ಒತ್ತಿಕೊಂಡು ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ, ಸೊಂಟದಿಂದ ಬಾಗಿ, ಹೊಟ್ಟೆ ಬೆನ್ನಿನ ಬಲದಲ್ಲಿ ಮೈಯನ್ನು ಹಿಡಿದಿಡಬೇಕು. ಕೈ ಹ್ಯಾಂಡಲ್ ಮೇಲೆ ಸುಮ್ನೆ ಇರಬೇಕು. ವೇಗ ಇದ್ದಾಗ ಎದೆಗೆ ಬಡಿಯುವ ಗಾಳಿಯೇ ಒಂದಿಷ್ಟು ಭಾರ ಹೊರುತ್ತೆ. ನಿಧಾನಕ್ಕೆ, ನಿಂತು ನಿಂತು ಹೋಗುವಾಗ ಆ ನೆರವು ಸಿಗುವುದಿಲ್ಲ, ಮಣಿಕಟ್ಟು ನೋಯುವುದು ಆಗಲೇ. ಫುಟ್‌ರೆಸ್ಟ್ ಮುಂದೆಯೇ ಉಳಿದು ಹ್ಯಾಂಡಲ್ ಮಾತ್ರ ತಗ್ಗಿದರೂ ಮೈ ಮಡಚಿದಂತಾಗಿ ಬೆನ್ನು ಹಿಡಿಯುತ್ತೆ. ಹಾಗಾಗಿಯೇ ಅದನ್ನೂ ಹಿಂದಕ್ಕೆ ಹಾಕಿಸುತ್ತಾರೆ.

ಕೊನೆಯದಾಗಿ, ಇಂಗ್ಲಿಷಿನ 'ಪ್ಲೇ' ಅನ್ನುವುದಕ್ಕೆ ಒಂದು ಪದ ನಿಜಕ್ಕೂ ಸಿಕ್ಕಿಲ್ಲ. ಹ್ಯಾಂಡಲ್ ತಗ್ಗಿಸಿದ ಮೇಲೆ, ಬೈಕನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಐಡ್ಲಿಂಗ್ ಬಿಟ್ಟು, ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ತಿರುಗಿಸಿ ನೋಡಬೇಕು. ಎಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಜಗ್ಗುತ್ತಿದೆ ಅಂತ. ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು, ಬ್ರೇಕ್ ಹೋಸ್ ಎಲ್ಲೂ ಮಡಚಬಾರದು. ಕ್ಲಚ್ ಲಿವರಿನಲ್ಲಿ ಒಂದಿಷ್ಟು 'ಪ್ಲೇ', ಅಂದರೆ ಕೇಬಲ್ ಎಳೆಯುವ ಮೊದಲು ಲಿವರ್ ಸುಮ್ನೆ ಆಡುವ ಜಾಗ, ಇರಲೇಬೇಕು. ಆದರೆ ಸ್ಟೀರಿಂಗ್ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಇರುವ ಬೇರಿಂಗ್) ಸವೆದು ಕಟಕಟ ಅಂದರೆ ಅದಕ್ಕೂ 'ಪ್ಲೇ ಬಂದಿದೆ' ಅಂತಲೇ ಹೇಳುತ್ತಾರೆ. ಒಂದು ಬೇಕಾದ್ದು, ಇನ್ನೊಂದು ಬೇಡದ್ದು. 'ಸಡಿಲ' ಅಂದರೆ ಬೋಲ್ಟ್ ಬಿಟ್ಟುಕೊಂಡ ಹಾಗೆ ಕೇಳುತ್ತೆ. ಬೇಕಂತಲೇ ಬಿಟ್ಟ ಆ ಚೂರು ಜಾಗಕ್ಕೆ 'ಬಿಡುವು' ಅಂತ ಬರೆದರೆ ನಿಮಗೆ ಅರ್ಥವಾಗುತ್ತಾ? ಗಾಡಿ ಕೆಲಸ ಮಾಡುವವರ ಬಾಯಲ್ಲಿ ಬೇರೆ ಪದ ಕೇಳಿದ್ದರೆ ಇನ್ನೂ ಒಳ್ಳೆಯದು, ಯಾವ ವಾಕ್ಯದಲ್ಲಿ ಕೇಳಿದಿರಿ ಅನ್ನುವುದನ್ನೂ ಸೇರಿಸಿ ಬರೆಯಿರಿ.